ಫ್ರಿಜ್ಜಿನ ಕರೆಂಟ್ ಖರ್ಚು ತಿಳಿಯಲು ಪ್ಲಗ್ ಮೀಟರ್: ಯಾವುದು ಕೊಳ್ಳಬೇಕು, ಹೇಗೆ ಓದಬೇಕು

ಫ್ರಿಜ್ ತಿಂಗಳಿಗೆ ಎಷ್ಟು ಯೂನಿಟ್ ಎಳೆಯುತ್ತದೆ ಎಂಬ ಪ್ರಶ್ನೆಗೆ ಅದರ ಹಿಂಬದಿಯ ಸ್ಟಿಕ್ಕರಿನಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿರುವ ವ್ಯಾಟ್ ಅಥವಾ ಆಂಪಿಯರ್ ಗರಿಷ್ಠ ಮಟ್ಟ ಅಷ್ಟೇ. 150 ವ್ಯಾಟನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ 3.6 ಯೂನಿಟ್ ಆಗುತ್ತದೆ (ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ). ಸುಸ್ಥಿತಿಯಲ್ಲಿರುವ ಮನೆಬಳಕೆಯ ಫ್ರಿಜ್ ಸಾಮಾನ್ಯವಾಗಿ ಇದರ ಹತ್ತಿರವೂ ಸುಳಿಯುವುದಿಲ್ಲ, ಏಕೆಂದರೆ ಕಂಪ್ರೆಸರ್ ಆಗಾಗ ನಿಲ್ಲುತ್ತದೆ. ಇನ್ವರ್ಟರ್ ಮಾದರಿಯಾದರೆ ವೇಗ ಇಳಿಸಿಕೊಂಡು ಓಡುತ್ತದೆ. ಊಹೆ ಬಿಟ್ಟು ನಿಜ ಲೆಕ್ಕ ಬೇಕೆಂದರೆ ಗೋಡೆಯ ಸಾಕೆಟ್ಟಿಗೂ ಫ್ರಿಜ್ಜಿನ ಪ್ಲಗ್ಗಿಗೂ ನಡುವೆ ಕೂರಿಸುವ ಪ್ಲಗ್ ಮೀಟರ್ ಬೇಕು. ಈ ಕೆಲಸಕ್ಕೆ ಇದಕ್ಕಿಂತ ಸರಳವಾದ ಸಾಧನ ಮತ್ತೊಂದಿಲ್ಲ.

ಕೊಳ್ಳುವಾಗ ಮೂರು ವಿಷಯ ನೋಡಿದರೆ ಸಾಕು. ಒಟ್ಟು ಯೂನಿಟ್ಟನ್ನು ಕನಿಷ್ಠ ಎರಡು ದಶಮಾಂಶದವರೆಗೆ ತೋರಿಸಬೇಕು. ಕರೆಂಟ್ ಹೋಗಿ ಬಂದರೂ ಓದಿದ್ದು ಅಳಿಸಿಹೋಗಬಾರದು. ಅಗ್ಗದ ಹಲವು ಮೀಟರುಗಳು ಎಡವುವುದೇ ಇಲ್ಲಿ, ನಾಲ್ಕು ದಿನದ ಲೆಕ್ಕ ಒಂದು ಕ್ಷಣದ ಕಡಿತಕ್ಕೆ ಸೊನ್ನೆಯಾಗುತ್ತದೆ. ಮೂರನೆಯದು, ಪವರ್ ಫ್ಯಾಕ್ಟರ್ ತೋರಿಸಬೇಕು, ಅಂದರೆ ವೋಲ್ಟೇಜನ್ನು ಆಂಪಿಯರಿನಿಂದ ಗುಣಿಸಿದಾಗ ಬರುವ ಸಂಖ್ಯೆಯಲ್ಲಿ ನಿಜವಾದ ವ್ಯಾಟಿನ ಪಾಲು ಎಷ್ಟು ಎಂಬುದನ್ನು. ಅದೇಕೆ ಎಂಬುದು ಮುಂದೆ ಗೊತ್ತಾಗುತ್ತದೆ. ದರ ತುಂಬಿಸಿದರೆ ಹಣದ ಮೊತ್ತ ತೋರಿಸುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಡಿ. ಬಳಕೆ ಏರಿದಂತೆ ದರವೂ ಏರುವ ಸ್ಲ್ಯಾಬ್ ಪದ್ಧತಿ ಇದ್ದರೆ ಅದು ತೋರಿಸುವ ಮೊತ್ತ ದಾರಿ ತಪ್ಪಿಸುತ್ತದೆ: ಫ್ರಿಜ್ಜಿನಲ್ಲಿ ಉಳಿಸಿದ ಯೂನಿಟ್ ಮೇಲಿನ, ದುಬಾರಿ ಸ್ಲ್ಯಾಬಿನಿಂದ ಕಡಿಮೆಯಾಗುತ್ತದೆ, ಸರಾಸರಿ ದರದಿಂದಲ್ಲ.

ತಂತಿಯನ್ನು ಸುತ್ತುವರಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಳೆಯ ಮಾದರಿಯ ಕಂಪ್ರೆಸರ್ ಮೋಟಾರಿನ ಪವರ್ ಫ್ಯಾಕ್ಟರ್ 1ಕ್ಕಿಂತ ಸಾಕಷ್ಟು ಕಡಿಮೆ, 0.6ರ ಆಸುಪಾಸಿನಲ್ಲೂ ಇರಬಹುದು. ವೋಲ್ಟೇಜನ್ನು ಆಂಪಿಯರಿನಿಂದ ಗುಣಿಸಿದರೆ ಬರುವ ಸಂಖ್ಯೆ ನಿಜವಾದ ವ್ಯಾಟಿಗಿಂತ ಬಹಳ ದೊಡ್ಡದಾಗಿ ಕಾಣುತ್ತದೆ.

ಜೋಡಿಸುವ ಕ್ರಮ ಹೀಗೆ. ಫ್ರಿಜ್ ಆರಿಸಿ, ಮೀಟರ್ ಹಾಕಿ, ಐದು ನಿಮಿಷ ಕಾದು ಮತ್ತೆ ಚಾಲೂ ಮಾಡಿ. ತಕ್ಷಣ ಹಾಕಿದರೆ ಒಳಗಿನ ಗ್ಯಾಸಿನ ಒತ್ತಡ ಸಮವಾಗಿರುವುದಿಲ್ಲ, ಕಂಪ್ರೆಸರ್ ಏಳಲು ತಿಣುಕುತ್ತದೆ. ಸಡಿಲವಾದ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮೊದಲ ದಿನದ ಲೆಕ್ಕ ಬಿಟ್ಟುಬಿಡಿ. ಆಮೇಲೆ ಸೊನ್ನೆ ಮಾಡಿ, ವೇಳೆ ಬರೆದಿಟ್ಟುಕೊಂಡು, ಪೂರ್ತಿ ಏಳು ದಿನ ಓಡಿಸಿ. ಒಂದೆರಡು ಗಂಟೆಯ ಅಳತೆಗೆ ಅರ್ಥವಿಲ್ಲ, ಡಿಫ್ರಾಸ್ಟ್ (ಕಟ್ಟಿದ ಮಂಜನ್ನು ಫ್ರಿಜ್ ತಾನೇ ಕರಗಿಸುವ ಹೊತ್ತು) ಅದರೊಳಗೆ ಬಿದ್ದರೆ ಒಂದು ಲೆಕ್ಕ, ಬೀಳದಿದ್ದರೆ ಇನ್ನೊಂದು. ಏಳು ದಿನದ ಯೂನಿಟ್ಟನ್ನು 7ರಿಂದ ಭಾಗಿಸಿ 30ರಿಂದ ಗುಣಿಸಿದರೆ ತಿಂಗಳ ಬಳಕೆ. ಸ್ಟೆಬಿಲೈಸರ್ ಇದ್ದರೆ ಮೀಟರನ್ನು ಅದರ ಮುಂದೆ, ಅಂದರೆ ಗೋಡೆಯ ಕಡೆಗೆ ಹಾಕಿ. ಸ್ಟೆಬಿಲೈಸರ್ ತಾನೇ 5 ವ್ಯಾಟ್ ತಿಂದರೂ ದಿನಕ್ಕೆ 0.12 ಯೂನಿಟ್, ಹೊಸ ಫ್ರಿಜ್ಜಿನ ಮಟ್ಟಿಗೆ ಅದು ಸಣ್ಣ ಮೊತ್ತವಲ್ಲ.

ಒಂದು ಅಂದಾಜು: 200 ಲೀಟರಿನ ಆಸುಪಾಸಿನ ಒಂದು ಬಾಗಿಲ ಫ್ರಿಜ್ ದಿನಕ್ಕೆ ಸುಮಾರು 0.4ರಿಂದ 0.7 ಯೂನಿಟ್; 250ರಿಂದ 300 ಲೀಟರಿನ ಫ್ರಾಸ್ಟ್ ಫ್ರೀ (ಮಂಜು ತಾನಾಗಿ ಕರಗುವ ಮಾದರಿ) 0.6ರಿಂದ 1.2. ಇದೇ ಗಾತ್ರದ್ದು 2 ದಾಟಿದರೆ ಏನೋ ಕೆಟ್ಟಿದೆ ಅಥವಾ ತೀರಾ ಹಳೆಯದು. ಸ್ಟಾರ್ ಲೇಬಲ್ಲಿನಲ್ಲಿ ಬರೆದ ಬಳಕೆಗಿಂತ ಸ್ವಲ್ಪ ಹೆಚ್ಚು ಬಂದರೆ ಗಾಬರಿ ಬೇಡ, ಆ ಲೇಬಲ್ಲಿನ ಪರೀಕ್ಷೆ ನಡೆಯುವುದು ಬಾಗಿಲು ಮುಚ್ಚಿ, ಗೊತ್ತುಪಡಿಸಿದ ಉಷ್ಣಾಂಶದ ಕೋಣೆಯಲ್ಲಿ.

ಈ ಪುಟ್ಟ ಮೀಟರಿನ ನಿಜವಾದ ಬೆಲೆ ತಿಳಿಯುವುದು ಫ್ರಿಜ್ಜಿನ ಕಾಯಿಲೆ ಹುಡುಕುವಾಗ. ಸಾಧಾರಣ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದು, ವ್ಯಾಟ್ ಎಂದಿಗಿಂತ ಕಡಿಮೆ ಇದ್ದು, ಒಳಗೆ ತಂಪೂ ಸಾಲದಿದ್ದರೆ ಮೊದಲ ಅನುಮಾನ ಗ್ಯಾಸ್ ಸೋರಿಕೆಯ ಮೇಲೆ. ಬಿಡುವಿಲ್ಲದೆ ಓಡುತ್ತಾ ವ್ಯಾಟ್ ಎಂದಿಗಿಂತ ಜಾಸ್ತಿ ಇದ್ದರೆ ಶಾಖ ಹೊರಬಿಡುವ ಕಂಡೆನ್ಸರ್ ಕಾಯಿಲಿನ ಧೂಳು, ಗೋಡೆಗೆ ಒತ್ತಿಕೊಂಡ ಹಿಂಬದಿ ಅಥವಾ ನಿಂತುಹೋದ ಫ್ಯಾನ್ ನೋಡಿ. ವ್ಯಾಟ್ ಒಮ್ಮೆಲೇ ಜಿಗಿದು, ಕೆಲವೇ ಸೆಕೆಂಡಿನಲ್ಲಿ ‘ಟಿಕ್’ ಎಂದು ಬಿದ್ದು, ಕೆಲ ನಿಮಿಷ ಬಿಟ್ಟು ಮತ್ತೆ ಅದೇ ಆಟ ನಡೆದರೆ ಕಂಪ್ರೆಸರನ್ನು ಎಬ್ಬಿಸುವ ಸ್ಟಾರ್ಟಿಂಗ್ ರಿಲೇ, ಕಡಿಮೆ ವೋಲ್ಟೇಜ್, ಇಲ್ಲವೇ ಕಂಪ್ರೆಸರಿನದೇ ತೊಂದರೆ. ಇನ್ವರ್ಟರ್ ಫ್ರಿಜ್ ಮಾತ್ರ 30-50 ವ್ಯಾಟಿನಲ್ಲಿ ದಿನವಿಡೀ ಓಡುತ್ತಿದ್ದರೆ ಅದು ದೋಷವಲ್ಲ, ಅದರ ಸ್ವಭಾವವೇ ಹಾಗೆ.

ಇನ್ನು ಪವರ್ ಫ್ಯಾಕ್ಟರ್. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಆಗೊಮ್ಮೆ ಈಗೊಮ್ಮೆ, ಕಂಪ್ರೆಸರ್ ನಿಂತಾಗ, ಮಂಜು ಕರಗಿಸುವ ಡಿಫ್ರಾಸ್ಟ್ ಹೀಟರ್ ಹೊತ್ತಿಕೊಳ್ಳುತ್ತದೆ. ಹೀಟರ್ ಶುದ್ಧ ರೆಸಿಸ್ಟೆನ್ಸ್ ಆದ್ದರಿಂದ ಪವರ್ ಫ್ಯಾಕ್ಟರ್ ಹೆಚ್ಚುಕಡಿಮೆ 1ಕ್ಕೆ ಏರುತ್ತದೆ, ವ್ಯಾಟ್ 150-300ರ ನಡುವೆ ಕಾಣಬಹುದು, ಹತ್ತಿಪ್ಪತ್ತು ನಿಮಿಷದಲ್ಲಿ ಆರುತ್ತದೆ. ಗರಿಷ್ಠ ವ್ಯಾಟನ್ನು ನೆನಪಿಡುವ ಮೀಟರನ್ನು ಇಲ್ಲಿ ನಂಬಬೇಡಿ, ಕಂಪ್ರೆಸರ್ ಏಳುವ ಕ್ಷಣದ ಜಿಗಿತವನ್ನೂ ಅದು ಹಿಡಿದಿಟ್ಟಿರುತ್ತದೆ. ಎರಡು ಮೂರು ದಿನ ಗಮನಿಸಿದರೂ ಹೀಟರಿನ ಸುಳಿವೇ ಇಲ್ಲ, ಫ್ರೀಜರಿನ ಹಿಂಗೋಡೆಯಲ್ಲಿ ಮಂಜು ಕಟ್ಟಿದೆ ಎಂದಾದರೆ ಹೀಟರ್, ಬೈಮೆಟಲ್ (ಬಿಸಿ ಹೆಚ್ಚಾದಾಗ ಹೀಟರ್ ಆರಿಸುವ ಸ್ವಿಚ್) ಅಥವಾ ಟೈಮರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆ ಮಂಜು ಗಾಳಿಯ ದಾರಿ ಮುಚ್ಚಿ, ಕಂಪ್ರೆಸರನ್ನು ಹಗಲಿರುಳು ದುಡಿಸುತ್ತದೆ.

ಬಾಗಿಲು ತೆರೆಯುವುದರ ಬಗ್ಗೆ ಇರುವ ಭಯ ಅತಿಯಾಯಿತು. ಬೇಗ ತೆರೆದು ಮುಚ್ಚಿದರೆ ಹೋಗುವುದು ಇನ್ನೂರು ಲೀಟರ್ ಗಾಳಿಯ ತಂಪು, ಗಾಳಿಯಲ್ಲಿ ಶಾಖ ಹಿಡಿಯುವ ಶಕ್ತಿ ತೀರಾ ಕಡಿಮೆ. ಎರಡು ಲೀಟರ್ ಬಿಸಿ ಸಾರನ್ನು 80 ಡಿಗ್ರಿಯಿಂದ 5ಕ್ಕೆ ಇಳಿಸಲು ಸುಮಾರು 0.17 ಯೂನಿಟ್ಟಿನಷ್ಟು ಶಾಖ ಹೊರಹಾಕಬೇಕು, ಹತ್ತಾರು ಸಲ ಬಾಗಿಲು ತೆರೆದದ್ದಕ್ಕೆ ಅದೊಂದೇ ಸಮ. ಅದಕ್ಕಿಂತ ಮೋಸದ್ದು ಸಡಿಲ ಗ್ಯಾಸ್ಕೆಟ್, ಅಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ. ಬಾಗಿಲ ಸುತ್ತ ಒಂದೊಂದೇ ಕಡೆ ಕಾಗದ ಸಿಕ್ಕಿಸಿ ಎಳೆದು ನೋಡಿ, ಹಿಡಿತವಿಲ್ಲದೆ ಜಾರಿದ ಕಡೆ ತೇವದ ಗಾಳಿ ನುಗ್ಗುತ್ತಿದೆ. ಹಳೆಯ ಫ್ರಿಜ್ಜಿನಲ್ಲಿ ಬಾಗಿಲ ಸ್ವಿಚ್ ಅಂಟಿಕೊಂಡು 15 ವ್ಯಾಟಿನ ಬಲ್ಬ್ ಒಳಗೇ ಉರಿಯುತ್ತಿದ್ದರೆ ದಿನಕ್ಕೆ 0.36 ಯೂನಿಟ್, ಜೊತೆಗೆ ಆ ಶಾಖವನ್ನು ಹೊರಹಾಕುವ ಖರ್ಚು ಬೇರೆ. ರಾತ್ರಿ ಫ್ರಿಜ್ ಆರಿಸುವ ಅಭ್ಯಾಸದಿಂದ ಉಳಿಯುವುದು ಅತ್ಯಲ್ಪ, ಕೆಡುವುದು ಆಹಾರ. ಒಳಗೆ 4 ಡಿಗ್ರಿ, ಫ್ರೀಜರಿನಲ್ಲಿ ಮೈನಸ್ 18 ಸಾಕು. ಅದಕ್ಕಿಂತ ತಣ್ಣಗೆ ಇಟ್ಟಷ್ಟೂ ಮೀಟರ್ ಓಡುತ್ತದೆ.

ಹೊಸ ಫ್ರಿಜ್ ಕೊಳ್ಳುವ ಮುನ್ನ ಹಳೆಯದನ್ನು ಒಂದು ವಾರ ಅಳೆಯಿರಿ. ಅದು ದಿನಕ್ಕೆ 2 ಯೂನಿಟ್ ಎಳೆಯುತ್ತಿದ್ದು, ಹೊಸದರ ಲೇಬಲ್ಲಿನ ಪ್ರಕಾರ ಅದು ದಿನಕ್ಕೆ 0.6 ಆಗುವುದಿದ್ದರೆ ವರ್ಷಕ್ಕೆ 511 ಯೂನಿಟ್ ಉಳಿತಾಯ. ನಿಮ್ಮ ಮೇಲಿನ ಸ್ಲ್ಯಾಬಿನ ದರದಿಂದ ಗುಣಿಸಿ, ಹೊಸದರ ಬೆಲೆಯನ್ನು ಅದರಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹಣ ವಾಪಸಾಗುತ್ತದೆ ಎಂದು ಗೊತ್ತಾಗುತ್ತದೆ. ಹಳೆಯದು 0.9 ಮಾತ್ರ ಎಳೆಯುತ್ತಿದ್ದರೆ ಉಳಿತಾಯ 110 ಯೂನಿಟ್ಟಿನ ಹತ್ತಿರ. ಆಗ ಹೊಸ ಗ್ಯಾಸ್ಕೆಟ್ ಹಾಕಿಸಿ ಅದನ್ನೇ ಮುಂದುವರಿಸುವುದು ಜಾಣತನ.