ತಾರಿಹಾಳದ ಹತ್ತಿ ಕಾಗದ: ಮತ್ತೆ ಕುಂಚ ಹಿಡಿದವರಿಗೆ

ಎಷ್ಟೋ ವರ್ಷಗಳ ನಂತರ ಜಲವರ್ಣಕ್ಕೆ ಮರಳಬೇಕೆಂದಿರುವವರು ಕೇಳಿದರೆ, ಮೊದಲು ಕಾಗದಕ್ಕೆ ಹಣ ಹಾಕಿ, ಬಣ್ಣ ಆಮೇಲೆ ನೋಡೋಣ ಎನ್ನುತ್ತೇನೆ. ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ತಯಾರಾಗುವ ಖಾದಿ ಪೇಪರ್ಸ್‌ನ ಕೈಕಾಗದವನ್ನು ಕೆಲವು ತಿಂಗಳಿನಿಂದ ಬಳಸುತ್ತಿದ್ದೇನೆ. ನೂರಕ್ಕೆ ನೂರು ಹತ್ತಿಯದು, 320 ಜಿಎಸ್‌ಎಂ (ಚದರ ಮೀಟರಿಗೆ 320 ಗ್ರಾಂ) ತೂಕ, ಒರಟು ಮೈ. ಬೆಂಗೇರಿಯ ಖಾದಿ ರಾಷ್ಟ್ರಧ್ವಜದ ವಿಷಯ ನಾಡಿಗೆಲ್ಲ ಗೊತ್ತು. ಅದೇ ಹುಬ್ಬಳ್ಳಿಯ ಮಗ್ಗುಲಿನ ಈ ಕಾಗದ ಇಂಗ್ಲೆಂಡಿನ ಚಿತ್ರಕಾರರಿಗೆ ಪರಿಚಿತವಾಗಿರುವಷ್ಟು ನಮ್ಮವರಿಗೆ ಆಗಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷ ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದವಳು. ಅಗರಬತ್ತಿಯ ಪೊಟ್ಟಣ, ಜವಳಿ ಅಂಗಡಿಯ ಚೀಲ, ಕ್ಯಾಲೆಂಡರ್, ಸಣ್ಣ ಪ್ರಕಾಶಕರ ಪುಸ್ತಕಗಳ ಮುಖಪುಟ, ಕೈಗೆ ಬಂದದ್ದನ್ನೆಲ್ಲ ಮನಸ್ಸಿಟ್ಟು ಮಾಡಿದೆ. ಪೇಜ್‌ಮೇಕರ್, ಕೋರಲ್‌ಡ್ರಾ, ಇನ್‌ಡಿಸೈನ್ ಎಂಬ ವಿನ್ಯಾಸ ತಂತ್ರಾಂಶಗಳೆಲ್ಲವನ್ನೂ ದಾಟಿ ಬಂದೆ. ಈ ವೃತ್ತಿಯತ್ತ ನನ್ನನ್ನು ಎಳೆದದ್ದು ಮಾತ್ರ ಧಾರವಾಡದ ಶಾಲಾ ದಿನಗಳ ಜಲವರ್ಣ. ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಪರೀಕ್ಷೆಗಳ ಅಭ್ಯಾಸವೆಂದು ಶುರುವಾದದ್ದು ಕೆಲಗೇರಿ ಕೆರೆಯ ದಂಡೆಯ ಮೇಲೆ ಇಡೀ ಭಾನುವಾರಗಳನ್ನು ಕಳೆಯುವವರೆಗೆ ಬೆಳೆದಿತ್ತು. ಕೆಲಸಕ್ಕೆ ಸೇರಿದ ಮೇಲೆ ಬಣ್ಣವೆಂದರೆ ಪರದೆಯ ಮೇಲಿನ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ) ಅಂಕಿಗಳಾದವು.

ಕಾಗದ ನನಗೆ ಹೊಸದೇನಲ್ಲ. ಮ್ಯಾಪ್‌ಲಿಥೋ, ಆರ್ಟ್ ಪೇಪರ್, ಆರ್ಟ್ ಕಾರ್ಡ್ ಯಾವುದನ್ನು ಕೊಟ್ಟರೂ ಬೆರಳುಗಳ ನಡುವೆ ಹಿಡಿದು ತೂಕವನ್ನು ಅಂದಾಜಿಸಬಲ್ಲೆ. ಆದರೆ ಮುದ್ರಣದ ಕಾಗದ ತನ್ನ ಇರವನ್ನು ತೋರಿಸಿಕೊಳ್ಳಬಾರದು. ಶಾಯಿ ಒಳಗಿಳಿಯದೆ ಮೇಲೆಯೇ ನಿಂತು ಹೊಳೆಯಲಿ ಎಂದೇ ಆರ್ಟ್ ಪೇಪರಿಗೆ ಖನಿಜದ ನುಣುಪು ಲೇಪ ಕೊಡುತ್ತಾರೆ. ಸಾವಿರದ ಪ್ರತಿಯೂ ಮೊದಲ ಪ್ರತಿಯಂತೆಯೇ ಬರಬೇಕು. ಜಲವರ್ಣದಲ್ಲಿ ಅರ್ಧ ಕೆಲಸ ಕಾಗದದ್ದೇ. ನೀರನ್ನು ಎಷ್ಟು ಹೊತ್ತು ಮೇಲೆ ನಿಲ್ಲಿಸಿಕೊಳ್ಳುತ್ತದೆ, ಯಾವಾಗ ಒಳಗೆ ಬಿಡುತ್ತದೆ ಎನ್ನುವುದರ ಮೇಲೆ ಚಿತ್ರ ನಿಂತಿದೆ.

ಇದನ್ನು ತೀರ್ಮಾನಿಸುವುದು ನಾರು ಮತ್ತು ಸೈಜಿಂಗ್. ಈ ಕಾಗದಕ್ಕೆ ಬಳಸುವುದು ಬನಿಯನ್ ಬಟ್ಟೆಯ ಕತ್ತರಿ ಚೂರುಗಳು. ಹತ್ತಿಯ ಚಿಂದಿಯನ್ನು ನೀರಿನಲ್ಲಿ ಅರೆದು, ಜಾಲರಿಯ ಚೌಕಟ್ಟಿನಲ್ಲಿ ಒಂದೊಂದೇ ಹಾಳೆಯಾಗಿ ಎತ್ತುತ್ತಾರೆ. ಹಾಳೆಯ ನಾಲ್ಕೂ ಅಂಚು ಹರಕಲಾಗಿ ಉಳಿಯುವುದು ಈ ಚೌಕಟ್ಟಿನಿಂದಲೇ. ಹತ್ತಿಯ ನಾರು ಉದ್ದ, ಗಟ್ಟಿ. ಅಗ್ಗದ ಮರದ ತಿರುಳಿನ ಕಾಗದವನ್ನು ಕ್ರಮೇಣ ಹಳದಿಯಾಗಿಸುವ ಲಿಗ್ನಿನ್ ಇದರಲ್ಲಿಲ್ಲ. ಸೈಜಿಂಗ್ ಎಂದರೆ ನೀರು ಒಮ್ಮೆಲೇ ಇಂಗದಂತೆ ತಡೆಯುವ ಅಂಟು. ಅದಿಲ್ಲದಿದ್ದರೆ ಬಣ್ಣ ಒಳಗಿಳಿದು ಮಂಕಾಗುತ್ತದೆ.

ನಮ್ಮ ಜಯನಗರದ ಬೀದಿಯ ಗುಲ್‌ಮೊಹರ್ ಮರವನ್ನು ಇದರ ಮೇಲೆ ಬರೆದೆ. ಬೆಂಗಳೂರಿನ ಹೂಮರಗಳೆಂದರೆ ರುಮಾಲೆ ಚನ್ನಬಸವಯ್ಯನವರ ಚಿತ್ರಗಳು ಕಣ್ಣ ಮುಂದೆ ಬರುತ್ತವೆ, ಆ ಕೆಂಪನ್ನು ಮುಟ್ಟಲು ಕೈ ಅಳುಕುತ್ತದೆ. ಆದರೂ ಹಾಳೆಯನ್ನು ಪೂರ್ತಿ ಒದ್ದೆ ಮಾಡಿ, ಕುಂಚದ ತುದಿಯಿಂದ ಕೆಂಪನ್ನು ಇಳಿಬಿಟ್ಟೆ. ಅಂಚುಗಳು ಮೆಲ್ಲಗೆ ಹರಡಿ ಒಂದು ಕಡೆ ತಾವಾಗಿ ನಿಂತವು. ಹಾಳೆ ಸಾಕಷ್ಟು ಹೊತ್ತು ಒದ್ದೆಯಾಗಿಯೇ ಇದ್ದುದರಿಂದ, ಅದರೊಳಗೆ ಇನ್ನಷ್ಟು ಕಿತ್ತಳೆ ಸೇರಿಸಲು ಸಮಯ ಸಿಕ್ಕಿತು. ಹಿಂದಿನ ಮಳೆಮೋಡಕ್ಕೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಬೂದು. ಅಲ್ಟ್ರಾಮರೀನಿನ ಕಣಗಳು ಕಾಗದದ ಗುಳಿಗಳಲ್ಲಿ ಹೋಗಿ ಕೂರುತ್ತವೆ. ಒಣಗಿದ ಮೇಲೆ ಮೋಡದೊಳಗೆ ನೀಲಿಯ ಹರಳುಗಳು ಕಾಣುತ್ತವೆ. ಒಣ ಕುಂಚವನ್ನು ಅಡ್ಡಲಾಗಿ ಎಳೆದರೆ ಬಣ್ಣ ಉಬ್ಬುಗಳಿಗೆ ಮಾತ್ರ ತಗುಲಿ ಮರದ ತೊಗಟೆ ಸಿದ್ಧ. ಪರದೆಯ ಮೇಲೆ ಇಂಥ ಮೈಯನ್ನು ತರಲು ನಾನು ಪದರದ ಮೇಲೆ ಪದರ ಇಟ್ಟು ಗಂಟೆಗಟ್ಟಲೆ ಕೂತದ್ದುಂಟು. ಇಲ್ಲಿ ಕೈಯ ಒಂದೇ ಬೀಸಿನಲ್ಲಿ ಅದು ಬಂದಾಗ ಆದ ಸಂತೋಷ ದೊಡ್ಡದು.

ಶಾಲೆಯಲ್ಲಿ ನಮಗೆ ಸಿಗುತ್ತಿದ್ದದ್ದು ತೆಳುವಾದ ಡ್ರಾಯಿಂಗ್ ಷೀಟ್. ಎರಡನೆಯ ಸಲ ಕುಂಚ ಆಡಿಸಿದರೆ ಅದರ ಮೈ ಕಿತ್ತು ಬರುತ್ತಿತ್ತು, ಎಲ್ಲವೂ ಕೆಸರಾಗುತ್ತಿತ್ತು. ತಪ್ಪು ಕೈಯದೆಂದು ನಂಬಿ ಚಿತ್ರ ಬಿಟ್ಟ ಮಕ್ಕಳು ನನ್ನ ತರಗತಿಯಲ್ಲೇ ಇದ್ದರು. ಮರಳಿ ಶುರುಮಾಡುವ ದೊಡ್ಡವರಿಗೂ ಇದೇ ಗತಿ ಬಂದರೆ ನನಗೆ ಸಂಕಟವಾಗುತ್ತದೆ. ಈ ಕಾಗದದ ಮೇಲೆ ಬಣ್ಣ ಒಣಗಿದ ಮೇಲೂ ಒದ್ದೆ ಕುಂಚದಿಂದ ಸವರಿ ಸ್ವಲ್ಪ ಎತ್ತಬಹುದು. ಒಂದರ ಮೇಲೊಂದು ತೆಳು ಬಣ್ಣ ಹಾಕಬಹುದು. ಬಣ್ಣಕ್ಕೆ ಸದ್ಯ ಕ್ಯಾಮೆಲ್ ಟ್ಯೂಬುಗಳೇ ಸಾಕು.

ಕೈಕಾಗದವನ್ನು ಅದರ ಸ್ವಭಾವ ತಿಳಿದೇ ಖರೀದಿಸಬೇಕು. ಕಟ್ಟಡಗಳ ಸೂಕ್ಷ್ಮ ಗೆರೆ, ನಿಬ್ಬಿನ ಅಕ್ಷರ ಬರೆಯುವವರಿಗೆ ಈ ಒರಟು ಮೈ ಆಗದು. ಅವರು ನುಣುಪು ಬಗೆಯನ್ನು ತೆಗೆದುಕೊಳ್ಳಲಿ. ಹರಕಲು ಅಂಚಿಗೆ ಟೇಪ್ ಸರಿಯಾಗಿ ಹಿಡಿಯುವುದಿಲ್ಲ. ರಬ್ಬರನ್ನು ಹಗುರವಾಗಿ ಬಳಸಿ. ತುಂಬಾ ನೀರು ಹಾಕಿದರೆ 320 ಜಿಎಸ್‌ಎಂ ಕೂಡ ಅಲೆಯಾಗುತ್ತದೆ; ಚಿತ್ರ ಒಣಗಿದ ಮೇಲೆ ಹಿಂಬದಿಗೆ ತೇವ ಸವರಿ ದಪ್ಪ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಇಟ್ಟರೆ ಸಮವಾಗುತ್ತದೆ. ಕಟ್ಟು ಹಾಕಿಸುವಾಗ ಅಂಚುಗಳನ್ನು ಕತ್ತರಿಸಬೇಡಿ, ಮೌಂಟಿನ (ಹಿಂಬದಿಯ ದಪ್ಪ ರಟ್ಟಿನ) ಮೇಲೆ ಅವು ಕಾಣುವಂತೆಯೇ ಕೂರಿಸಲು ಹೇಳಿ. ಹಾಳೆಗಳನ್ನು ಸುರುಳಿ ಸುತ್ತಿ ಕಳಿಸುವ ಅಂಗಡಿಯಿಂದ ತರಿಸಬೇಡಿ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು: ತೇವದಲ್ಲಿ ಬಹುಕಾಲ ಬಿದ್ದ ಕಾಗದದ ಸೈಜಿಂಗ್ ಕೆಟ್ಟು ಬಣ್ಣ ಚುಕ್ಕೆಚುಕ್ಕೆಯಾಗಿ ಇಂಗುತ್ತದೆ. ಗಾಳಿಯಾಡದ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ, ಮಳೆಗಾಲಕ್ಕೆಂದು ಕೂಡಿಡಬೇಡಿ.

ಅಗ್ಗದ ಸ್ಕೆಚ್ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಬೆಲೆ ಹೆಚ್ಚೇ. ನಾನು ಎರಡೂ ಬದಿ ಬಳಸುತ್ತೇನೆ, ಬಣ್ಣ ಪರೀಕ್ಷಿಸಲು ತುಂಡುಗಳನ್ನೂ ಇಟ್ಟುಕೊಳ್ಳುತ್ತೇನೆ. ಶುರುಮಾಡುವವರು 320 ಜಿಎಸ್‌ಎಂನ ಎ4 ಅಳತೆಯ ಹಾಳೆಗಳನ್ನು ತರಿಸಲಿ. 56×76 ಸೆಂಟಿಮೀಟರ್‌ನ ಪೂರ್ತಿ ಹಾಳೆ ಕೈ ಕುದುರಿದ ಮೇಲೆ. 640 ಜಿಎಸ್‌ಎಂನದು ಹಲಗೆಯಂತೆ ಅಲುಗದೆ ನಿಲ್ಲುತ್ತದೆ, ಆದರೆ ನೀರನ್ನು ಬಹಳ ಕುಡಿಯುತ್ತದೆ, ನಿಧಾನವಾಗಿ ಒಣಗುತ್ತದೆ. ಅದನ್ನು ಬೇಸಿಗೆಯಲ್ಲಿ ಬಳಸುವುದು ಒಳ್ಳೆಯದು.