"ಪ್ರೊಫೆಷನಲ್ ಅಕ್ರಿಲಿಕ್ ಕಿಟ್" ಅಂತ ಹುಬ್ಬಳ್ಳ್ಯಾಗ ಯಾರರ ಮಾರಿದ್ರ, ಮೊದಲ ಸ್ಟಿಕರ್ ಕಿತ್ತು ನೋಡ್ರಿ

ಸಿಟ್ಟು ಇನ್ನೂ ಇಳಿದಿಲ್ಲ, ಬರ್ಯೋದು ಹಿಂದ ಮುಂದ ಆದ್ರ ಸಂಬಾಳಿಸ್ಕೊಂಡು ಓದ್ರಿ. ಅಂಗಡಿ ಹೆಸರು ಹೇಳಂಗಿಲ್ಲ. ದೂರು ಕೊಟ್ಟೀನಿ, ಅದು ಮುಗಿಯೂ ತನಕ ಬಾಯಿ ಮುಚ್ಕೊಂಡಿರೋದು ಚೊಲೋ ಅಂತ ವಕೀಲ ಗೆಳೆಯಾ ಹೇಳ್ಯಾನ. ಆದ್ರ ಮಾರೋ ರೀತಿ ಹೆಂಗಿತ್ತು ಅಂತ ಹೇಳ್ತೀನಿ, ಅಷ್ಟರಾಗ ಗುರುತು ಹಿಡೀರಿ.

ಡ್ಯೂಟಿ ಮುಗಿಸಿ ಬಂದ ಮ್ಯಾಲೆ ಮೊಬೈಲ್ ನೋಡೋದು ಬಿಟ್ಟು ಏನರ ಮಾಡೂಣು ಅಂತ ಚಿತ್ರದ ಹುಚ್ಚು ಹಿಡಿಸ್ಕೊಂಡೆ. ಆಯಿಲ್ ಪೇಂಟ್ ಆದ್ರ ಟರ್ಪೆಂಟೈನ್ ವಾಸನಿ, ಒಣಗಲಿಕ್ಕೆ ದಿನಗಟ್ಲೆ ಬೇಕು, ಎರಡು ಖೋಲಿ ಮನ್ಯಾಗ ಅದು ಆಗೂ ಮಾತಲ್ಲ. ಅಕ್ರಿಲಿಕ್ ಅಂದ್ರ ನೀರಾಗ ಕಲಸಿ ಹಚ್ಚೋದು, ನಮ್ಮ ಕಡೆ ಬ್ಯಾಸಗ್ಯಾಗಂತೂ ನೋಡ್ತಾ ನೋಡ್ತಾ ಒಣಗತೈತಿ. ಅಂಗಡಿಯಾಂವ ಭಾರಿ ಮರ್ಯಾದಿ ಮಾಡಿದ. "ಸರ್, ಬಿಡಿ ಟ್ಯೂಬ್ ತೊಗೊಂಡು ಯಾಕ ರೊಕ್ಕ ಹಾಳ ಮಾಡ್ತೀರಿ, ಫಾರಿನ್ ಮಾಲ್ ಐತಿ, ಪ್ರೊಫೆಷನಲ್ ಕಿಟ್" ಅಂದ. 24 ಟ್ಯೂಬು, ಒಂದೊಂದು 12 ಎಂಎಲ್, ಬ್ರಷ್ಷು, ಕ್ಯಾನ್ವಾಸು, ಕ್ಯಾನ್ವಾಸ್ ನಿಲ್ಲಿಸೋ ಕಟ್ಟಿಗಿ ಈಸಲ್, ಮ್ಯಾಲೆ ಭಾನುವಾರದ ಕ್ಲಾಸ್ ಫ್ರೀ. ಎಲ್ಲಾ ಕೂಡಿ 4,800 ರೂಪಾಯಿ. ಫೋನ್‌ಪೇ ಮಾಡಿದೆ. ಬಿಲ್ ಅಂತ ಒಂದು ಚೀಟಿ ಕೊಟ್ಟ, ಅದರ ಮ್ಯಾಲೆ "ಎಸ್ಟಿಮೇಟ್" ಅಂತ ಬರ್ದಿತ್ತು.

ಕ್ಲಾಸಿನ ಸುದ್ದಿ ಬ್ಯಾಡ. ಟಿವಿಯಾಗ ಯೂಟ್ಯೂಬ್ ಹಚ್ಚಿ ಮಾಸ್ತರ್ ಚಹಾ ಕುಡೀಲಿಕ್ಕೆ ಹ್ವಾದಾಂವ ಬರಲೇ ಇಲ್ಲ.

ಮನ್ಯಾಗ ಕೂತು ಉಣಕಲ್ ಕೆರಿ ಸಂಜಿ ಹೊತ್ತಿನ ಚಿತ್ರಕ್ಕ ಕೈ ಹಾಕಿದೆ. ಮೊದಲ ನೀಲಿ ಆಕಾಶ ಬಳದೆ, ರಾತ್ರಿ ಒಣಗಲಿಕ್ಕೆ ಬಿಟ್ಟೆ. ಮರುದಿನ ಕಿತ್ತಳಿ ಬಣ್ಣದ ಮೋಡ ಹಚ್ಚಲಿಕ್ಕೆ ಹೋದ್ರ ಕೆಳಗಿನ ನೀಲಿ ಎದ್ದು ಬಂದು ಎಲ್ಲಾ ರಾಡಿ. ಇದು ಆಗಬಾರ್ದು. ಗೊತ್ತಿದ್ದವರಿಗೆ ಗೊತ್ತು, ಅಕ್ರಿಲಿಕ್ ಒಮ್ಮೆ ಒಣಗಿತಂದ್ರ ಪ್ಲಾಸ್ಟಿಕ್ ಪದರ ಆಗತೈತಿ, ಮತ್ತ ನೀರಿಗೆ ಕರಗಂಗಿಲ್ಲ. ಅದಕ್ಕ ತಾನೇ ಒಂದರ ಮ್ಯಾಲೆ ಒಂದು ಬಣ್ಣ ಹಚ್ಚಲಿಕ್ಕೆ ಬರೋದು! ಹಸಿ ಅರಿವಿ ತೊಗೊಂಡು ಆಕಾಶ ಒರಿಸಿದೆ. ಅರಿವಿ ನೀಲಿ ಆತು, ಕ್ಯಾನ್ವಾಸ್ ಬೆಳ್ಳಗಾತು.

ಆಗ ಟ್ಯೂಬ್ ಕೈಯಾಗ ಹಿಡದು ನೋಡಿದೆ. ನೀರು ತಾಗಿ ಬಂಗಾರ ಅಕ್ಷರದ ಸ್ಟಿಕರಿನ ಮೂಲಿ ಎದ್ದಿತ್ತು. ಉಗುರು ಹಾಕಿ ಜಗ್ಗಿದೆ. ಒಳಗ ಇನ್ನೊಂದು ಲೇಬಲ್. ಕರಡಿ ಚಿತ್ರ! ಟೋಪಿ ಹಾಕ್ಕೊಂಡು ನಗೂ ಕರಡಿ, ಕೆಳಗ "ಪೋಸ್ಟರ್ ಕಲರ್", ಅಂದ್ರ ಒಣಗಿದ ಮ್ಯಾಲೂ ನೀರಿಗೆ ಕರಗೂ ಬಣ್ಣ, ಎಂಆರ್‌ಪಿ 15 ರೂಪಾಯಿ. ಇನ್ನೊಂದು ಟ್ಯೂಬ್ ಕಿತ್ತೆ, ಕರಡಿ. ಮತ್ತೊಂದು, ಕರಡಿ. 24ಕ್ಕ 24 ಕರಡಿ ನೆಲದ ಮ್ಯಾಲೆ ಸಾಲಾಗಿ ಬಿದ್ದಿದ್ವು. ಮೂರನೇತ್ತಾ ಓದೋ ಮಗಳು ಬಂದು, "ಅಪ್ಪಾ, ಇವು ನಮ್ಮ ಸಾಲ್ಯಾಗ ತರ್ರಿ ಅಂತಾರಲ್ಲ, ಅವಽ ಬಣ್ಣ" ಅಂದ್ಲು. ನಮ್ಮನಿಯಾಕಿ ಅಡಗಿಮನ್ಯಾಗಿಂದ "ಫಾರಿನ್ ಕರಡಿ ಇರಬೇಕು ಬಿಡು" ಅಂದ್ಲು. ಬ್ಯಾಂಕಿನ ಗೆಳ್ಯಾರಿಗೆಲ್ಲಾ ಫೋಟೊ ಕಳಿಸಿ "ಪ್ರೊಫೆಷನಲ್ ಕಿಟ್" ಅಂತ ಜಂಬ ಕೊಚ್ಚಿದ್ದು ನೆನಪಾಗಿ ಕಿವಿ ಬಿಸಿ ಆದ್ವು.

ಈಗ ಅಂಗಡಿಯವರ ಉತ್ತರ ಕೇಳ್ರಿ. ವಾಟ್ಸಾಪ್‌ನಾಗ ಮೊದಲ ಬಂದಿದ್ದು, "ನೀರು ಜಾಸ್ತಿ ಹಾಕೀರಿ ಸರ್, ಟೆಕ್ನಿಕ್ ಪ್ರಾಬ್ಲಂ." ನೀರು ಹೆಚ್ಚಾದ್ರ ಬಣ್ಣದ ಹಿಡಿತ ಸಡಿಲ ಆಗತೈತಿ, ಖರೆ. ಆದ್ರ ನೀರು ಹೆಚ್ಚಾದ್ರ ಕರಡಿ ಹುಟ್ಟತೈತೇನ್ರಿ? ಮುಂದಿನ ಉತ್ತರ, "ನಿಮ್ಮದು ಬೋರ್ ನೀರೇನ್ರಿ? ಗಡಸು ನೀರಿಗೆ ಹಂಗ ಆಗತೈತಿ." ಅಲ್ರೀ, ಮಲಪ್ರಭಾ ನೀರು ಬರೋ ದಿನ ಕಾಯ್ಕೊಂಡು ತುಂಬಿಟ್ಟಿದ್ದೀವಿ, ಅದಕ್ಕೂ ದೋಷಾನ? ಅಂಗಡಿಗೇ ಹ್ವಾದೆ. ಟ್ಯೂಬ್ ತೋರಿಸಿದ್ರ, "ಅದು ಕಂಪನ್ಯಾವ್ರ ಪ್ಯಾಕಿಂಗ್ ಮಿಸ್ಟೇಕ್ ಕಾಕಾ, ಹಳೇ ಟ್ಯೂಬಿನ್ಯಾಗ ಹೊಸಾ ಬಣ್ಣ ತುಂಬಿರ್ತಾರ." ಇದನ್ನ ನಗಲಾರದನ ಹೇಳಿದ. ರೊಕ್ಕ ಕೊಡುವಾಗ ಸರ್ ಇದ್ದೆ, ವಾಪಸ್ ಒಯ್ದಾಗ ಕಾಕಾ ಆದೆ. ಕಡೀಕ, "ಪಕ್ಕಾ ಬಿಲ್ ತೋರಸ್ರಿ, ಕಾಕಾ." ಬಿಲ್ ಕೊಡದಾಂವ ತಾನು, ತೋರಿಸಬೇಕಾದಾಂವ ನಾನು!

ಬಿಲ್ ಕೊಡದ ಇರೋದೂ ತಪ್ಪು, ದೋಷದ ಮಾಲ್ ವಾಪಸ್ ತೊಗೊಳ್ಳದ ಇರೋದೂ ತಪ್ಪು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾಗ ಐತಿ. ಬಿಲ್‌ನ್ಯಾಗ ಗಡುವು ಬರ್ದಿಲ್ಲಂದ್ರ 30 ದಿನದೊಳಗ ವಾಪಸ್ ತೊಗೊಂಡು ರೊಕ್ಕ ಕೊಡಬೇಕು. ಇದನ್ನ ಹೇಳಿದ್ದಕ್ಕ "ಹಂಗಾರ ಕಾಯ್ದೆಯವರ ಹತ್ರನ ಬಣ್ಣ ತೊಗೊಳ್ರಿ" ಅಂದ. ಗ್ರಾಹಕರ 1915 ಸಹಾಯವಾಣಿಗೆ ಫೋನ್ ಮಾಡಿ ದೂರು ಬರಸೀನಿ. ಫೋನ್‌ಪೇ ದಾಖಲೆ, ಎಸ್ಟಿಮೇಟ್ ಚೀಟಿ, ಕರಡಿ ಫೋಟೊ, ಎಲ್ಲಾ ಇಟ್ಟೀನಿ. ಇದು ಬಗೆಹರೀಲಿಲ್ಲಂದ್ರ ಜಿಲ್ಲಾ ಗ್ರಾಹಕರ ಆಯೋಗ ಐತಿ, 5 ಲಕ್ಷದ ತನಕದ ಮಾಲಿಗೆ ಅಲ್ಲಿ ದೂರಿನ ಶುಲ್ಕ ಇಲ್ಲ.

ಹಾಲಭಾವಿ ಮಾಸ್ತರು ಚಿತ್ರ ಕಲಿಸಿದ ಧಾರವಾಡ ಪಕ್ಕದಾಗ, ಹಂಗ ಚಿತ್ರ ಕಲಿಸಿದ ಅಕ್ಕಿ ಮಾಸ್ತರ ಗದಗ ಅಷ್ಟು ಹತ್ರ ಇರೂ ಊರಾಗ ಇಂಥಾ ಧಂದೆ! ಆರ್ಟ್ ಸ್ಕೂಲಿನ ಹುಡುಗ್ರನ್ನ ಕೇಳ್ರಿ, ಅವರು ಎಲ್ಲಿ ತೊಗೋತಾರೋ ಅಲ್ಲೇ ತೊಗೊಳ್ರಿ. ನಾನೂ ಆಮ್ಯಾಲೆ ಧಾರವಾಡದಾಗ ಹಂಗ ಕೇಳಿನ ತೊಗೊಂಡೆ. 24 ಬಣ್ಣ ಯಾರಿಗೂ ಬ್ಯಾಡ. ಬಿಳಿದು ಒಂದು ದೊಡ್ಡದು, ಕೆಂಪು, ಹಳದಿ, ಅಲ್ಟ್ರಾಮರೀನ್ ನೀಲಿ, ಬರ್ಂಟ್ ಅಂಬರ್ (ಕಡು ಕಂದು) ಇದ್ರ ಉಳದದ್ದು ಕಲಸಿ ಮಾಡ್ಕೋಬಹುದು. ಕಲಾವಿದರ ದರ್ಜೆದ್ದು ಅಂತ ಮಾರಿದ್ರ ಟ್ಯೂಬಿನ ಮ್ಯಾಲೆ ವರ್ಣದ್ರವ್ಯದ, ಅಂದ್ರ ಬಣ್ಣ ಕೊಡೂ ಪುಡಿಯ, ನಂಬರ್ ಹುಡುಕ್ರಿ, ಅಲ್ಟ್ರಾಮರೀನ್‌ಗೆ ಪಿಬಿ 29, ಟೈಟಾನಿಯಂ ಬಿಳಿಗೆ ಪಿಡಬ್ಲ್ಯೂ 6. ತಯಾರಿಸಿದವರ ವಿಳಾಸ, ಎಂಆರ್‌ಪಿ ಇಲ್ಲದ ಟ್ಯೂಬ್ ಮುಟ್ಟಬ್ಯಾಡ್ರಿ. ಅಂಗಡಿಯಾಂವನ ಮುಂದನ ಹಾಳ್ಯಾಗ ಒಂದು ಚೂರು ಹಚ್ಚಿ, ಪೂರಾ ಒಣಗಿದ ಮ್ಯಾಲೆ ಹಸಿ ಬೆರಳಿಲೇ ತಿಕ್ಕಿ ನೋಡ್ರಿ. ಹೊತ್ತಿಲ್ಲ ಅಂತ ಅವಸರ ಮಾಡಿದ್ರ ಎದ್ದು ಬರ್ರಿ.

ನಿನ್ನಿ ಮತ್ತ ಮೆಸೇಜ್ ಬಂದೈತಿ. "ಸರ್, ದೂರು ವಾಪಸ್ ತೊಗೊಂಡ್ರ ಮುಂದಿನ ಕಿಟ್‌ನ್ಯಾಗ 10 ಪರ್ಸೆಂಟ್ ಬಿಡ್ತೀವಿ." ಮತ್ತ ಸರ್ ಆದೆ ನೋಡ್ರಿ. ಅದರ ಸ್ಕ್ರೀನ್‌ಶಾಟನ್ನೂ ದೂರಿಗೆ ಸೇರಿಸೀನಿ.