ಹಳೇ ಜೀಪಿಗೆ ಮನೆಯಲ್ಲೇ ಕಟ್ಟಿದ ಪಿಟಿಒ ಗೇರ್‌ಬಾಕ್ಸ್: ನಾಲ್ಕು ಬೇಸಿಗೆ, 410 ಗಂಟೆ

ನಮ್ಮ ತೋಟದ ಕೆರೆಗೆ ಇಳಿಯುವ ದಾರಿ ನೋಡಿದ ಟ್ರ್ಯಾಕ್ಟರ್‌ನವರು ಎರಡನೇ ಸಲ ಬರುವುದಿಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ, ನಡುವೆ ಕಡಿದಾದ ತಿರುವು. ಆದರೆ ಫೆಬ್ರುವರಿ ಕಳೆಯುವುದರೊಳಗೆ ರೊಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಿಸಲು ಹೊಡೆಯುವ ನೀರು) ಹೊಡೆಯಲೇಬೇಕು, ಮೋಡ ನಂಬಿ ಕೂರೋ ಹಾಗಿಲ್ಲ. ಆ ದಾರಿಯಲ್ಲಿ ಸಲೀಸಾಗಿ ಓಡಾಡುವುದು ನಮ್ಮ ಹಳೇ ಮಹೀಂದ್ರ ಸಿಜೆ3ಬಿ ಒಂದೇ. ಅದೇ ಎತ್ತರದ ಬಾನೆಟ್‌ನ ಪೆಟ್ರೋಲ್ ಜೀಪು. ಪಂಪ್ ಎಳೆದುಕೊಂಡು ಹೋಗುವ ಗಾಡಿಯೇ ಪಂಪನ್ನೂ ಓಡಿಸಲಿ ಅಂತ ಹಿಂಬದಿಗೆ ಪಿಟಿಒ, ಅಂದರೆ ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಶಾಫ್ಟ್, ಕಟ್ಟಿದೆ.

ಇದು ನನ್ನ ಐಡಿಯಾ ಏನಲ್ಲ. ಅಮೆರಿಕದ ಜೀಪ್ ಕಂಪನಿ ವಿಲ್ಲಿಸ್‌ನವರು 1945ರಲ್ಲಿ ಸಿಜೆ-2ಎ ಜೀಪು ತಂದಾಗಲೇ ಅದನ್ನು ರೈತರ ಗಾಡಿ ಅಂತ ಮಾರುತ್ತಿದ್ದರು. ಪಿಟಿಒ, ಬೆಲ್ಟ್ ಪುಲ್ಲಿ, ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಎಲ್ಲಾ ಬೇಕಾದರೆ ಸಿಗುತ್ತಿತ್ತು. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ ಅದಕ್ಕೇ ಅಂತ ಒಂದು ಮುಚ್ಚಳವಿದೆ. ಬಿಚ್ಚಿದರೆ ಗೇರ್‌ಬಾಕ್ಸಿನ ಮೇನ್ ಶಾಫ್ಟ್ ತುದಿ ಕಣ್ಣೆದುರಿಗೆ. ಹಿಂದಿನ ಡಿಫರೆನ್ಷಿಯಲ್ ಬಲಕ್ಕೆ ಸರಿದು ಕೂತಿರುವುದರಿಂದ ನಡುವೆ ಶಾಫ್ಟ್ ಎಳೆಯಲು ಜಾಗವೂ ಇದೆ. ನಾನು ಗುಜರಿಯಿಂದ ತಂದ ಓಮ್ನಿ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಿ ಹಾಕಿದೆ.

ತಲೆ ಕೆಡಿಸಿದ್ದು ತಿರುಗುವ ದಿಕ್ಕು. ಜೀಪಿನ ಹಿಂದೆ ನಿಂತು ನೋಡಿದರೆ ಎಂಜಿನ್ ತಿರುಗುವುದು ಗಡಿಯಾರಕ್ಕೆ ಉಲ್ಟಾ. ಟ್ರ್ಯಾಕ್ಟರ್ ಪಿಟಿಒ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಬೇಕು. ಶಾಫ್ಟನ್ನು ನೇರವಾಗಿ ಹಿಂದಕ್ಕೆ ತಂದರೆ ಪಂಪ್ ತಿರುಗುತ್ತೆ, ನೀರು ಏರಲ್ಲ. ಎರಡೇ ಗೇರಿನ ಒಂದು ಪೆಟ್ಟಿಗೆ ಇಟ್ಟರೆ ದಿಕ್ಕೂ ಬದಲಾಗುತ್ತೆ, ವೇಗವೂ ಇಳಿಯುತ್ತೆ. ಲೆಕ್ಕ ಹೀಗೆ: ಎಂಜಿನ್ 1500 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಸೆಕೆಂಡ್ ಗೇರ್ ಸುಮಾರು 1.55ಕ್ಕೆ 1, ಅಂದರೆ 967. ನನ್ನ ಪೆಟ್ಟಿಗೆಯಲ್ಲಿ 19 ಹಲ್ಲಿನ ಗೇರು 34 ಹಲ್ಲಿನದನ್ನು ತಿರುಗಿಸುತ್ತೆ. ಬಂತಲ್ಲ ಟ್ರ್ಯಾಕ್ಟರ್ ಪಿಟಿಒದ 540! ಹೊರಗಿನ ಶಾಫ್ಟ್ ಟ್ರ್ಯಾಕ್ಟರಿನದೇ ಅಳತೆ, ಹತ್ತಿರ ಹತ್ತಿರ 35 ಮಿಮೀ ದಪ್ಪ, 6 ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೂ ಇರುವ ಹಲ್ಲು). ಹಾಗಾಗಿ ಟ್ರ್ಯಾಕ್ಟರ್ ಪಂಪಿನ ಕಾರ್ಡನ್ (ಪಿಟಿಒಗೂ ಪಂಪಿಗೂ ನಡುವಿನ ಶಾಫ್ಟ್) ಹಾಗೇ ಕೂರುತ್ತೆ.

ಮೊದಲ ಪೆಟ್ಟಿಗೆ ಕೆಡಿಸಿದ್ದು ನಾನೇ, ಬೇರೆಯವರ ಮೇಲೆ ಹಾಕೋದಿಲ್ಲ. 12 ಮಿಮೀ ಪ್ಲೇಟಿಗೆ ಬೇರಿಂಗ್ ತೂತು ಬೋರ್ ಮಾಡಿಸಿ, ಆಮೇಲೆ ವೆಲ್ಡ್ ಮಾಡಿದೆ. ವೆಲ್ಡಿನ ಕಾವಿಗೆ ಪ್ಲೇಟ್ ಸೊಟ್ಟಗಾಯಿತು. ಶಾಫ್ಟ್ ಕೂರಿಸಿದರೆ ತಿರುಗಿಸಲು ಬಿಗಿ. ಗೇರ್ ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿದೆ. ಗುರುತು ಹಲ್ಲಿನ ಒಂದು ಮೂಲೆಯಲ್ಲಷ್ಟೇ, ಉಗುರಿನಷ್ಟಗಲ. ಅದನ್ನು ಗುಜರಿಗೆ ಹಾಕಿದೆ. ಎರಡನೆಯದಕ್ಕೆ ಮೊದಲು ವೆಲ್ಡಿಂಗ್, ಆಮೇಲೆ ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಬದಿಯ ಬೋರಿಂಗ್. ಗೇರ್ 4 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), ಹಲ್ಲುಗಳಿಗೆ ಹಾರ್ಡನಿಂಗ್ ಮಾಡಿಸಿದ್ದು. ಬೇರಿಂಗ್ 6208, ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಎರಡು ಪೆಟ್ಟಿಗೆಯ ಖರ್ಚೂ ಸೇರಿ 41,000 ರೂಪಾಯಿ ಆಯಿತು.

ಮೊದಲ ವರ್ಷ ಬರೀ ಎಣ್ಣೆ ಸೋರಿಕೆ. ಆಯಿಲ್ ಸೀಲ್ ಮೂರು ಸಲ ಬದಲಿಸಿದೆ. ಕೊನೆಗೆ ಗೊತ್ತಾಗಿದ್ದು, ಗಾಳಿ ಆಚೆ ಹೋಗುವ ಬ್ರೀದರ್ ಇಡೋದನ್ನೇ ಮರೆತಿದ್ದೆ. ಬಿಸಿಗೆ ಒಳಗಿನ ಗಾಳಿ ಉಬ್ಬಿ ಎಣ್ಣೆಯನ್ನು ಸೀಲ್ ಕಡೆಗೆ ತಳ್ಳುತ್ತಿತ್ತು. ಮೇಲೊಂದು ತೂತು, ಹಳೇ ಆಕ್ಸಲ್ಲಿನ ಬ್ರೀದರ್, ಅಷ್ಟೇ.

ಈಗ ದಿನದ ಬಳಕೆ ಹೇಗಿದೆ ಅಂದರೆ, ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಲಚ್ ಒತ್ತಿ ಪಿಟಿಒ ಲಿವರ್ ಎಳೆದು, ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಪಂಪ್ ಶುರು. ನೇರ ಹಲ್ಲಿನ ಸ್ಪರ್ ಗೇರ್ ಆದ್ದರಿಂದ ಗೂಂಯ್ ಅಂತ ಸದ್ದು ಇದ್ದೇ ಇರುತ್ತೆ, ಮಾತಾಡಬೇಕಾದರೆ ದೂರ ಹೋಗಬೇಕು. ನಿಂತ ಜಾಗದಲ್ಲೇ ಓಡುವುದರಿಂದ ರೇಡಿಯೇಟರ್ ಬೇಗ ಕಾಯುತ್ತೆ. ಮಧ್ಯಾಹ್ನ ಬಾನೆಟ್ ಎತ್ತಿಟ್ಟು, ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇನೆ. ನಮ್ಮ ಜೀಪಿನಲ್ಲಿ ಗವರ್ನರ್ ಇಲ್ಲ, ಬರೀ ಕೈ ಥ್ರಾಟಲ್. ಒಮ್ಮೆ ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ ಸಿಕ್ಕಿ ಪಂಪ್ ಗಾಳಿ ಎಳೆದುಕೊಂಡಿತು. ಭಾರ ತಪ್ಪಿದ್ದೇ ತಡ ಎಂಜಿನ್ ಕಿರುಚಿಕೊಂಡಿತು. ನಾನು ನೀರು ಚಿಮ್ಮುವ ಜೆಟ್ ಬದಲಿಸಲು ಗುಡ್ಡದ ಮೇಲಿದ್ದೆ. ಆ ಓಟ ಮರೆಯೋಕಾಗಲ್ಲ. ಅಲ್ಲಿಂದಾಚೆ ಒಬ್ಬರು ಜೀಪಿನ ಹತ್ತಿರ ಇರಲೇಬೇಕು.

ಶಾಫ್ಟಿಗೆ ಗಾರ್ಡ್ ಇಲ್ಲದೆ ಓಡಿಸಬೇಡಿ. 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಮೊದಲ ವಾರ ಪಕ್ಕದಲ್ಲಿ ಬಿದ್ದಿದ್ದ ಗೋಣಿಚೀಲದ ಅಂಚು ಕಾರ್ಡನ್‌ಗೆ ಸಿಕ್ಕಿತು. 'ಅಯ್ಯೋ' ಅನ್ನೋದರೊಳಗೆ ಇಡೀ ಚೀಲ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ನಮ್ಮ ಕಡೆ ಎಲ್ಲರ ಹೆಗಲ ಮೇಲೂ ಒಂದು ಟವೆಲ್ ಇರುತ್ತೆ ಅಲ್ವಾ? ಮಾರನೇ ದಿನವೇ ತಗಡಿನ ಗಾರ್ಡ್ ಹಾಕಿಸಿದೆ.

ದುಡ್ಡು ಉಳಿಯುತ್ತೆ ಅಂತ ಮಾತ್ರ ಇದನ್ನು ಕಟ್ಟಬೇಡಿ. ಗಂಟೆಗೆ ಮೂರೂವರೆ ಲೀಟರ್ ಪೆಟ್ರೋಲ್ ಕುಡಿಯುತ್ತೆ. ದಾರಿ ಸರಿಯಿದ್ದರೆ ಹಳೇ ಟ್ರ್ಯಾಕ್ಟರ್ ತಗೊಳ್ಳಿ, ಇಲ್ಲ ಕೆರೆ ದಂಡೆಯಲ್ಲೇ ಒಂದು ಡೀಸೆಲ್ ಎಂಜಿನ್ ಕೂರಿಸಿ. ನನಗೆ ಮೂರು ಕಡೆ ನೀರೆತ್ತಬೇಕು, ಮೂರು ಎಂಜಿನ್ ಇಡೋಕಾಗಲ್ಲ.

ಈ ಸಲ ಬ್ಯಾಕಿಂಗ್ ನೀರು (ಹೂವಿನ ನೀರಿನ ನಂತರ ಹೊಡೆಯುವ ಎರಡನೇ ನೀರು) ಮುಗಿದ ಮೇಲೆ ಎಣ್ಣೆ ಬದಲಿಸಿದೆ. ಮ್ಯಾಗ್ನೆಟ್ ಬೋಲ್ಟಿನಲ್ಲಿ ಬೂದು ಬಣ್ಣದ ಸಣ್ಣ ಪೇಸ್ಟ್ ಬಿಟ್ಟರೆ ಚೂರುಪಾರು ಏನೂ ಇರಲಿಲ್ಲ. ಸುಮ್ನೆ ಬಿಚ್ಚಿ ನೋಡೋಣ ಅಂತ ಕೈ ತುರಿಸುತ್ತಿದೆ, ಆದರೂ ಮುಂದಿನ ಫೆಬ್ರುವರಿವರೆಗೆ ಮುಟ್ಟುವುದಿಲ್ಲ.